ತರುಣರ ಋಣವೂ ಹಿರಿಯರ ಮೌನವೂ

ಸಾಯಂಕಾಲ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಸೇರುವ ಹಿರಿಯರ ಗೋಷ್ಠಿಯಲ್ಲಿ ಈಚೆಗೆ ಒಂದು ಆಕ್ಷೇಪವು ತಪ್ಪದೆ ಕೇಳಿಬರುತ್ತದೆ. ಈಗಿನ ತರುಣರು ಮೊದಲ ಸಂಬಳವನ್ನು ಪೂರ್ತಿ ಎಣಿಸುವುದಕ್ಕೆ ಮುಂಚೆಯೇ ಸಾಲಗಾರರಾಗುತ್ತಾರೆ. ಫೋನಿಗೆ ಕಂತು, ಮೋಟಾರು ಬೈಸಿಕಲ್ಲಿಗೆ ಕಂತು, ಪ್ರವಾಸಕ್ಕೂ ಕಂತು. ದುಂದುಗಾರಿಕೆಯೇ ಇದಕ್ಕೆಲ್ಲ ಮೂಲವೆಂಬುದು ಆ ಆಕ್ಷೇಪದ ಸಾರಾಂಶ. ತರುಣರಲ್ಲಿ ಸಾಲವು ಬಹಳವಾಗಿರುವುದು ನಿಜ. ಅದರ ಕಾರಣವನ್ನು ಮಾತ್ರ ಹಿರಿಯರು ತಮ್ಮ ಮನೆಯಲ್ಲಿ ಹುಡುಕದೆ ಬೀದಿಯಲ್ಲಿ ಹುಡುಕುತ್ತಿದ್ದಾರೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವಿದ್ಯಾವಂತ ಕುಟುಂಬಗಳು ಮಕ್ಕಳಿಗೆ ಕಲಿಸದೆ ಬಿಟ್ಟ ವಿದ್ಯೆಗಳು ಹೆಚ್ಚಿಲ್ಲ. ಸಂಗೀತಕ್ಕೆ ಒಬ್ಬ ಗುರು, ಗಣಿತಕ್ಕೆ ಒಬ್ಬ ಗುರು, ಪ್ರವೇಶ ಪರೀಕ್ಷೆಗೆ ಎರಡು ವರ್ಷದ ಪಾಠ. ಚಕ್ರಬಡ್ಡಿಯ ಸೂತ್ರವನ್ನು ಬಾಲಕನು ಕಂಠಪಾಠ ಮಾಡಿ ಪೂರ್ಣಾಂಕಗಳನ್ನು ಪಡೆಯುತ್ತಾನೆ. ತಾನು ಮಲಗುವ ಮನೆಯ ಮೇಲೆ ಸಾಲವುಂಟೇ, ಇದ್ದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಮಾತ್ರ ಅರಿಯನು. ತಂದೆಯ ಸಂಬಳವೆಷ್ಟೆಂದು ಕೇಳಿದರೆ "ನಿನಗೇಕೋ ಅದು, ಹೋಗಿ ಓದಿಕೊ" ಎಂಬ ಉತ್ತರ. ಅಕ್ಕನ ಮದುವೆಗೆ ತಂದ ಹಣ, ತಮ್ಮನ ಉಪನಯನಕ್ಕೆ ಅಡವಿಟ್ಟ ಬಳೆ, ಇವು ಅಡಿಗೆಮನೆಯ ಪಿಸುಮಾತಿನಲ್ಲಿಯೇ ಮುಗಿದುಹೋಗತಕ್ಕ ಸಂಗತಿಗಳು. ಹೆಣ್ಣುಮಕ್ಕಳ ಪಾಡಂತೂ ಇನ್ನೂ ಶೋಚನೀಯವಾದುದು. ಗಂಡನ ಉತ್ತರಕ್ರಿಯೆಗಳೆಲ್ಲ ಮುಗಿದ ಬಳಿಕ ಬೀರುವಿನ ಬೀಗವನ್ನು ತೆಗೆದು, ಯಾವ ಬ್ಯಾಂಕಿನಲ್ಲಿ ಏನಿದೆಯೆಂಬುದನ್ನು ಮೊದಲ ಬಾರಿಗೆ ತಿಳಿದುಕೊಂಡ ಗೃಹಿಣಿಯರು ಈ ಬಡಾವಣೆಗಳಲ್ಲಿ ವಿರಳರಲ್ಲ. ಇಂಥ ಮೌನದಲ್ಲಿ ಬೆಳೆದ ಹುಡುಗನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಉದ್ಯೋಗವು ದೊರೆತೊಡನೆ, ಹಣದ ವಿಷಯವಾಗಿ ಅವನೊಡನೆ ಆದರದಿಂದ ಮಾತನಾಡುವ ಮೊದಲನೆಯ ಮನುಷ್ಯನು ಸಾಲ ಕೊಡುವವನೇ ಆಗಿರುತ್ತಾನೆ.

ಹಣದ ಮಾತು ಸದ್ಗೃಹಸ್ಥರ ಮನೆಗೆ ತಕ್ಕುದಲ್ಲವೆಂದು ಶಾಸ್ತ್ರದ ಹೆಸರಿನಲ್ಲಿ ಹೇಳುವವರುಂಟು. ಅವರು ಯಾವ ಶಾಸ್ತ್ರವನ್ನು ಓದಿದರೋ ತಿಳಿಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಸಿಷ್ಠರ ಮತವೆಂದು ಅಸಲಿನ ಎಂಬತ್ತನೆಯ ಒಂದು ಪಾಲನ್ನು ತಿಂಗಳ ಬಡ್ಡಿಯಾಗಿ ವಿಧಿಸಿದೆ. ಎಂದರೆ ನೂರಕ್ಕೆ ಒಂದೂಕಾಲು. ಒಮ್ಮೆಗೇ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂದು ಅಲ್ಲಿಯೇ ಕಟ್ಟಳೆಯಿದೆ. ಕೌಟಿಲ್ಯನ ಅರ್ಥಶಾಸ್ತ್ರವಾದರೋ ನಮ್ಮ ನಾಡಿಗೆ ಇನ್ನೂ ಹತ್ತಿರದ್ದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಸೇರಿದ್ದ ಓಲೆಯ ಪ್ರತಿಯಿಂದ ಅದನ್ನು 1909ರಲ್ಲಿ ಅಚ್ಚುಮಾಡಿಸಿದ ಆರ್. ಶಾಮಶಾಸ್ತ್ರಿಗಳು ಮುಂದೆ ಇದೇ ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿ, ವ್ಯಾಪಾರದಲ್ಲಿ ಐದು, ಕಾಡು ದಾಟುವವರಿಗೆ ಹತ್ತು, ಸಮುದ್ರಯಾನದವರಿಗೆ ಇಪ್ಪತ್ತು ಎಂದು ಆ ಗ್ರಂಥವು ಹೇಳುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಅಲ್ಲಿದೆ: ದೀರ್ಘ ಯಾಗದಲ್ಲಿರುವವನು, ರೋಗಿ, ಗುರುಕುಲದಲ್ಲಿ ಓದುತ್ತಿರುವವನು, ಬಾಲಕ, ನಿರ್ಗತಿಕ, ಇವರ ಮೇಲೆ ಸಾಲವು ಬೆಳೆಯತಕ್ಕುದಲ್ಲ. ಇಂದಿನ ವಿದ್ಯಾಭ್ಯಾಸದ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತನ್ನು ಕೇಳುವುದಿಲ್ಲ. ಬಡ್ಡಿಯು ಮಾತ್ರ ಹಣ ಕೊಟ್ಟ ದಿನದಿಂದಲೇ ಏರುತ್ತಿರುತ್ತದೆ. ಸಹಿ ಹಾಕುವ ಮುನ್ನ ಈ ಭೇದವನ್ನು ಮಗಳಿಗೆ ಬಿಡಿಸಿ ಹೇಳಿದ ತಂದೆಗಳು ಎಷ್ಟು ಮಂದಿ?

ಕ್ರೆಡಿಟ್ ಕಾರ್ಡಿನ ವಿಷಯವನ್ನು ನೋಡೋಣ. ಅನೇಕ ಕಾರ್ಡುಗಳಲ್ಲಿ ಬಾಕಿಯ ಮೇಲೆ ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ. ಲೇವಾದೇವಿಗಾರನು ಮೂರು ರೂಪಾಯಿ ಬಡ್ಡಿಯೆಂದರೆ ಅಜ್ಜಂದಿರು ಅವನ ಜಗಲಿಯಿಂದ ಎದ್ದು ಬರುತ್ತಿದ್ದರು. 50,000 ರೂಪಾಯಿ ಬಾಕಿಯಿದೆಯೆಂದು ಇಟ್ಟುಕೊಳ್ಳಿರಿ. ತಿಂಗಳ ಬಡ್ಡಿ 1,750 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ತೆರಿಗೆ 315. ಬಾಕಿಯ ಇಪ್ಪತ್ತನೆಯ ಒಂದು ಪಾಲೇ ಕನಿಷ್ಠ ಪಾವತಿಯೆಂದಿರುವಲ್ಲಿ ಹುಡುಗನು 2,500 ರೂಪಾಯಿ ಕಟ್ಟಿ, ಈ ತಿಂಗಳ ಸಾಲ ತೀರಿತೆಂದು ನಿದ್ರೆ ಮಾಡುತ್ತಾನೆ. ಅಸಲಿಗೆ ಸಂದದ್ದು 435 ರೂಪಾಯಿ. ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡ ವಸ್ತುಗಳಿಗೂ ಬಡ್ಡಿಯಿಲ್ಲದ ದಿನಗಳು ತಪ್ಪಿಹೋಗುತ್ತವೆ. ಕೌಟಿಲ್ಯನ ವ್ಯಾಪಾರದ ದರಕ್ಕಿಂತ ಇದು ಕಡಮೆಯಲ್ಲವೇ ಎಂದು ಯಾರಾದರೂ ಜಾಣತನ ತೋರಬಹುದು. ಆ ದರವು ಸರಕು ಮಾರಿ ಲಾಭ ಪಡೆಯುವ ವರ್ತಕನಿಗೆ ಹೇಳಿದ್ದೇ ಹೊರತು ಫೋನು ಕೊಳ್ಳುವ ಗುಮಾಸ್ತನಿಗಲ್ಲ.

ಫೋನಿನ ಮೂಲಕವೇ ಕ್ಷಣದಲ್ಲಿ ಸಾಲ ಕೊಡುವ ಆ್ಯಪುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನು ಮಾಡಿತು. ಎಲ್ಲ ವೆಚ್ಚಗಳೂ ಸೇರಿ ವರ್ಷಕ್ಕೆ ತಗಲುವ ದರವನ್ನು ಮೊದಲೇ ಬರೆದುಕೊಡಬೇಕು. ಸಾಲ ಪಡೆದವನು ಮನಸ್ಸು ಬದಲಿಸಿ, ಗೊತ್ತಾದ ಅವಧಿಯೊಳಗೆ ದಂಡವಿಲ್ಲದೆ ಅಸಲನ್ನೂ ಅಷ್ಟು ದಿನದ ವೆಚ್ಚವನ್ನೂ ಹಿಂತಿರುಗಿಸಬಹುದು. ಅವನ ಫೋನಿನೊಳಗಿನ ಬಂಧುಮಿತ್ರರ ಪಟ್ಟಿಯನ್ನು ಸಾಲ ಕೊಟ್ಟವರು ಮುಟ್ಟಕೂಡದು. ಹುಡುಗನಿಗೆ ಇದು ತಿಳಿಯದಿದ್ದರೆ ಕ್ಷಮ್ಯ. ದಿನವೂ ಎರಡು ಪತ್ರಿಕೆಗಳನ್ನು ತರಿಸುವ ಮನೆಯಲ್ಲಿ ತಂದೆಗೂ ತಿಳಿಯದಿರುವುದು ಹೇಗೆ?

ಹಿರಿಯರ ವಿವೇಕವಾದರೂ ನಿಷ್ಕಳಂಕವೇ? 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ವಿಧಿಸಿ, ಠೇವಣಿದಾರನೊಬ್ಬನು 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಾಗ ತತ್ತರಿಸಿದವರಲ್ಲಿ ಅನೇಕರು ನಿವೃತ್ತರು. ಆ ದಿನ ಠೇವಣಿಯ ವಿಮೆಯು ಒಂದು ಲಕ್ಷಕ್ಕೆ ಮಾತ್ರವಿತ್ತು. ಅದು ಐದು ಲಕ್ಷವಾದದ್ದು ಮುಂದಿನ ತಿಂಗಳಲ್ಲಿ. ತಪ್ಪು ಠೇವಣಿದಾರರದೆಂದಲ್ಲ. ಆದರೆ ಜೀವಮಾನದ ಗಳಿಕೆಯೆಲ್ಲವನ್ನೂ ಒಂದೆಡೆ ಇಟ್ಟು ವಿಮೆಯ ಮಿತಿಯನ್ನು ವಿಚಾರಿಸದಿದ್ದವರೂ, ದರವನ್ನು ವಿಚಾರಿಸದೆ ಸಾಲ ತಂದ ಮೊಮ್ಮಕ್ಕಳೂ ಒಂದೇ ಪಾಠಶಾಲೆಯವರು.

ಆದುದರಿಂದ ಉಪದೇಶವನ್ನು ಅತ್ತಿಟ್ಟು ಮನೆಯ ಲೆಕ್ಕದ ಪುಸ್ತಕವನ್ನು ಮಕ್ಕಳ ಮುಂದೆ ತೆರೆಯತಕ್ಕುದು. ಹದಿನೈದು ತುಂಬಿದವರು ತಿಂಗಳ ಮೊದಲ ಭಾನುವಾರ ತಂದೆತಾಯಿಗಳೊಡನೆ ಕುಳಿತು ಆಯವ್ಯಯವನ್ನು ಬರೆಯಲಿ. ಪ್ರತಿಯೊಂದು ಸಾಲದ ದರವನ್ನೂ ನೂರಕ್ಕೆ ತಿಂಗಳಿಗೆ ಇಷ್ಟೆಂದು ಹಳೆಯ ಕ್ರಮದಲ್ಲಿಯೇ ಇಳಿಸಿ ಬರೆದರೆ, ಯಾವುದನ್ನು ಮೊದಲು ತೀರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಇದರಿಂದ ಲೋಭಿಗಳಾಗುವರೆಂಬ ಭಯಕ್ಕೆ ಆಧಾರವಿಲ್ಲ. ತಂದೆಯ ಸಂಬಳದಲ್ಲಿ ಎಷ್ಟು ಪಾಲು ತಮ್ಮ ಶಾಲೆಯ ಶುಲ್ಕಕ್ಕೆ ಹೋಯಿತೆಂದು ಕಂಡ ಹುಡುಗರು ಲೋಭಿಗಳಾದ ಉದಾಹರಣೆಯನ್ನು ಯಾರೂ ಕೊಟ್ಟಿಲ್ಲ.

ತನ್ನ ಸಾಲವನ್ನು ಮಗನಿಗೆ ತೋರಿಸಿದರೆ ಗೌರವಕ್ಕೆ ಕುಂದೆಂದು ಅಳುಕುವ ತಂದೆಗಳೂ ಉಂಟು. ಅಂಥವರ ಮನೆಯಲ್ಲಿ ಮಗನೂ ತನ್ನ ಸಾಲವನ್ನು ಅದೇ ಗೌರವದಿಂದ ಮುಚ್ಚಿಡುತ್ತಾನೆ; ಕೊನೆಗೆ ಒಂದು ದಿನ ತಂದೆಯು ಸಂಧ್ಯಾವಂದನೆಗೆ ಕುಳಿತಿರುವಾಗ, ಹೆಸರು ಹೇಳದ ವಸೂಲಿಗಾರನೊಬ್ಬನು ಫೋನು ಮಾಡಿ ಆ ಮೊತ್ತವನ್ನು ಅವರಿಗೆ ತಿಳಿಸುತ್ತಾನೆ.