ದೇವರ ಮೀನಿಗಿರುವ ಕಾವಲು ಹೊಳೆಗೂ ಇರಲಿ

ಅಮೆಜಾನ್ ನದಿಯ ಉದ್ದ ಸುಮಾರು 6,400 ಕಿ.ಮೀ. ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ನಮ್ಮ ಹೇಮಾವತಿಯ ಉದ್ದ ಕೇಳಿದರೆ ತಡವರಿಸುತ್ತೇವೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರ ದಾಟಿ, ಸುಮಾರು 245 ಕಿ.ಮೀ. ಹರಿದು ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿ ಸೇರುತ್ತಾಳೆ.

1979ರಲ್ಲಿ ಗೊರೂರು ಅಣೆಕಟ್ಟು ಮುಗಿಯಿತು. ಚನ್ನರಾಯಪಟ್ಟಣದ ಕಡೆಗೂ ನಾಲೆ ನೀರು ಬಂತು, ಒಳ್ಳೆಯದಾಯಿತು. ಆದರೆ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಈಜುವ ಮೀನುಗಳಿಗೆ ದಾರಿ ಮುಚ್ಚಿತು. ಉಳಿದ ಮಡುಗಳಲ್ಲೂ ಮರಳು ಬಗೆದು, ಸಿಡಿಮದ್ದು ಎಸೆದರೆ ಅವು ಎಲ್ಲಿಗೆ ಹೋಗಬೇಕು?

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ನೋಡಿ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಜನ ಪುರಿ ಹಾಕುತ್ತಾರೆ, ದೊಡ್ಡ ದೊಡ್ಡ ಮೀನುಗಳು ಹತ್ತಿರಕ್ಕೇ ಬರುತ್ತವೆ.

ಹೇಮಾವತಿ ದಡದ ಪ್ರತಿ ಊರೂ ಒಂದೊಂದು ಮಡುವನ್ನು ಹೀಗೇ ಮೀನಿಗೆ ಬಿಟ್ಟುಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ನೀವೇ ಎತ್ತಿ.