ಐವತ್ತು ಪೈಸೆಗೆ ಬಸವನಗುಡಿಗೆ ಹೋಗುವ ಚಿತ್ರ

ಹಳ್ಳಿಯಲ್ಲಿ ಚೆನ್ನಾಗಿ ಚಿತ್ರ ಬಿಡಿಸುವವರಿಗೆ ಎಲ್ಲರೂ ಹೇಳುವ ಮಾತು ಒಂದೇ: 'ಇಲ್ಲಿ ಯಾರು ನೋಡ್ತಾರೆ? ಬೆಂಗಳೂರಿಗೆ ಹೋಗು.' ನಾವು ಹೇಳುವುದು ಬೇರೆ. ನೀವು ಊರಲ್ಲೇ ಇರಿ, ಚಿತ್ರವನ್ನು ಕಳಿಸಿ. ಅಂಚೆ ಕಾರ್ಡಿಗೆ ಈಗಲೂ 50 ಪೈಸೆ. ಒಂದು ಬದಿ ವಿಳಾಸಕ್ಕೆ, ಇನ್ನೊಂದು ಬದಿ ಪೂರ್ತಿ ನಿಮ್ಮದು.

ಕೈಯಾರೆ ಮಾಡಿದ ಚಿತ್ರವನ್ನು ಕಲಾವಿದರು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದಕ್ಕೆ 'ಮೇಲ್ ಆರ್ಟ್' ಎನ್ನುತ್ತಾರೆ. ಅಮೆರಿಕದ ಕಲಾವಿದ ರೇ ಜಾನ್ಸನ್ 1950-60ರ ದಶಕಗಳಲ್ಲಿ ಇದನ್ನು ಬೆಳೆಸಿದರು. ಇಲ್ಲಿ ಮಾರಾಟವಿಲ್ಲ, ಬಹುಮಾನವಿಲ್ಲ. ಪ್ರದರ್ಶನ ಇಟ್ಟರೆ ಬಂದದ್ದೆಲ್ಲವನ್ನೂ ಇಡಬೇಕು, ಶುಲ್ಕ ಕೇಳಬಾರದು ಎಂಬುದು ಇದರ ರೂಢಿ.

ಹೆಸರು ಹೊಸದಾದರೂ ಇದರ ರುಚಿ ನಮಗೆ ಗೊತ್ತು. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿ ಕಳಿಸುವವರು ನಾವು. ಅದನ್ನು ಬಿಡಿಸಿ ಓದುವ ಮೊದಲೇ ಶುಭ ಸುದ್ದಿ ಅಂತ ತಿಳಿಯುತ್ತದೆ.

ವಾಟ್ಸಾಪ್ ಚಿತ್ರ ಒಂದೇ ಸಲಕ್ಕೆ ಇನ್ನೂರು ಜನರಿಗೆ ಹೋಗುತ್ತದೆ. ಕಾರ್ಡು ಒಬ್ಬರಿಗೇ. ಬಣ್ಣದ ಮೇಲೆ ಬೆರಳಾಡಿಸಬಹುದು. ಅಂಚೆಯ ಮುದ್ರೆ, ದಾರಿಯಲ್ಲಿ ಬಿದ್ದ ಮಳೆ ಹನಿಯ ಕಲೆ, ಎಲ್ಲವೂ ಚಿತ್ರಕ್ಕೇ ಸೇರುತ್ತವೆ. ನಮಗಾಗಿ ಯಾರೋ ಒಂದು ಸಂಜೆ ಕೂತಿದ್ದರು ಎಂಬುದು ಕೈಗೆ ತಾಗುತ್ತದೆ. ಕಳಿಸಿದವರಿಗೆ ಉತ್ತರ ಕಾಯುವ ಸುಖ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹಳ್ಳಿಗಳಿಂದ ಕಡಲೆಕಾಯಿ ಹೋಗುತ್ತದೆ. ಅಲ್ಲಿ ಚೌಕಾಸಿ ಉಂಟು. ಕಾರ್ಡಿಗೆ ಅದಿಲ್ಲ. ಸಾಗರದ ಕಡೆಯವರು ಕೆಮ್ಮಣ್ಣು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು ಕಳಿಸಲಿ. ಧಾರವಾಡದವರು ಕಸೂತಿ ಹಾಕಿ, ಲಕೋಟೆಗೆ 5 ರೂಪಾಯಿ ಸ್ಟಾಂಪ್ ಅಂಟಿಸಿ ಕಳಿಸಲಿ. ಬದಲಿಗೆ ಗಾಂಧಿ ಬಜಾರಿನ ಹೂವಿನ ಬುಟ್ಟಿಯೋ ಮಲ್ಲೇಶ್ವರದ ಹಳೇ ಮನೆಯೋ ನಿಮ್ಮೂರಿಗೆ ಬರಲಿ. ಗೊತ್ತಿರುವ ಕಲಾವಿದರ, ಡ್ರಾಯಿಂಗ್ ಮೇಷ್ಟ್ರ ವಿಳಾಸ ಕೇಳಿ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ. ಪಿನ್‌ಕೋಡ್ ಮರೆಯಬೇಡಿ: ಬಸವನಗುಡಿ 560004, ಮಲ್ಲೇಶ್ವರ 560003, ಚಾಮರಾಜಪೇಟೆ 560018.

ಬೆಂಗಳೂರಿನ ಕಲಾವಿದರಿಗೂ ಒಂದು ಮಾತು. ಹಳ್ಳಿಯಿಂದ ಬಂದ ಕಾರ್ಡನ್ನು 'ಜಾನಪದ' ಅಂತ ಮೆಚ್ಚಿ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ. ಮರಳಿ ಕಳಿಸಿದರೆ ಮಾತ್ರ ಅದು ವಿನಿಮಯ. ಕಳಿಸಿದವರು ನಿಮ್ಮ ಅಭಿಮಾನಿಯಲ್ಲ, ನಿಮ್ಮಂತೆಯೇ ಕಲಾವಿದರು.

ಕಾಗದ ಬರೆಯುವವರು ತೀರಾ ಕಡಿಮೆಯಾದರು ಎಂದು ಡೆನ್ಮಾರ್ಕಿನ ಸರ್ಕಾರಿ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ನಮ್ಮ ದೇಶದ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇರುವುದು ಹಳ್ಳಿಗಳಲ್ಲೇ. ನಮ್ಮ ಕಾಲ್ನಡಿಗೆಯ ದೂರದಲ್ಲೇ ಇರುವ ಈ ಗ್ಯಾಲರಿಯ ಬಾಗಿಲನ್ನು ನಾವೇ ತಟ್ಟದಿದ್ದರೆ ಇನ್ಯಾರು ತಟ್ಟುತ್ತಾರೆ? ಈ ವಾರ ಒಂದು ಕಾರ್ಡು ತನ್ನಿ. ಬಣ್ಣ ಪೂರ್ತಿ ಒಣಗಿದ ಮೇಲೆ ಡಬ್ಬಿಗೆ ಹಾಕಿ.