ಬಂಡೆಯ ಮೇಲೆ ಗೂಬೆ ಕೂರಿಸಬೇಡಿ

ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ, ಒಳಚರಂಡಿಯ (ಯುಜಿಡಿ) ಚೇಂಬರ್ ಉಕ್ಕಿ ಗಲೀಜು ಹೊಸ್ತಿಲಿಗೆ ಬಂತೆಂದು ದೂರಿದರೆ ಉತ್ತರ ಸಿದ್ಧ: ‘ಕೆಳಗೆ ಬಂಡೆ ಸ್ವಾಮಿ, ನಾವೇನು ಮಾಡೋಣ?’ ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ನದಿ ದಂಡೆಯ ಸಡಿಲ ಮಣ್ಣನ್ನು ದೂರಬಹುದು, ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್‌ಗಳನ್ನು. ತಪ್ಪು ಮಾಡದವರು ಒಬ್ಬರೇ, ಬಿಲ್ ಎತ್ತಿದವರು.

ಬಂಡೆ ನಿನ್ನೆ ಮೊನ್ನೆ ಬಂದು ಕೂತಿತೇ? ನಂದಿಬೆಟ್ಟ, ಅಂಬಾಜಿದುರ್ಗ ಕಣ್ಣೆದುರಿಗಿದ್ದರೂ ನೆಲದಡಿ ಏನಿದೆಯೆಂದು ತಿಳಿಯದವರು ಅಂದಾಜುಪಟ್ಟಿ ಬರೆದದ್ದಾದರೂ ಹೇಗೆ? ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಸಾಲದಲ್ಲಿ ಮುಳುಗಿದ ರೈತನನ್ನು ಕೇಳಿದ್ದರೆ ಹೇಳುತ್ತಿದ್ದ: ಮೇಲಿಷ್ಟು ಕೆಂಪು ಮಣ್ಣು, ಅದರಡಿ ಪುಡಿಯಾಗುವ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ.

ಇದೇ ನೆಲದಲ್ಲಿ ಪೈಪು ಹೂತು, ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರೆತ್ತಿ ಕಂದವಾರ ಕೆರೆಗೂ ಆಚೆಗೂ ಹರಿಸುವ ಯೋಜನೆ ಮಾಡಿದರು. ಅದೂ ಎರಡೇ ಹಂತದ ಶುದ್ಧೀಕರಣ. ಮೂರನೆಯದು ಬೇಕೆಂದವರು ಅಭಿವೃದ್ಧಿ ವಿರೋಧಿಗಳು! 24 ಟಿಎಂಸಿ ನೀರಿನ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಗುದ್ದಲಿಪೂಜೆ ಮಾಡಿ ನಮ್ಮನ್ನು ಇಂದಿಗೂ ಕಾಯಿಸುತ್ತಿರುವವರ ಬಾಯಲ್ಲಿ ಈ ಮಾತು. ಇರಲಿ. ಬೆಂಗಳೂರಿನ 21 ಕೋಟಿ ಲೀಟರಿಗೆ ದಾರಿ ಬಿಟ್ಟ ಬಂಡೆ ನಮ್ಮ ಬಚ್ಚಲ ನೀರಿಗೆ ಮಾತ್ರ ಅಡ್ಡ ಮಲಗಿತೇ?

ನಡೆಯುವುದು ಇಷ್ಟೇ. ಕಲ್ಲು ಸಿಕ್ಕ ಕಡೆ ಬ್ರೇಕರ್ ಬಾಡಿಗೆ ಉಳಿಸಲು ಪೈಪನ್ನು ಮೇಲೆತ್ತುತ್ತಾರೆ. ಇಳಿಜಾರು ಹೋಯಿತು, ಗಲೀಜು ಅಲ್ಲೇ ಮಡುಗಟ್ಟಿತು. ಮರಳು ಹಾಸದೆ ಕಲ್ಲಿನ ಮೊನೆಯ ಮೇಲೆ ಕೂರಿಸಿದ ಪೈಪು, ಮೇಲೊಂದು ಲೋಡ್ ಲಾರಿ ಹೋದರೆ ಬಿರುಕು ಬಿಡುತ್ತದೆ. ಅಗೆದ ಮಣ್ಣನ್ನು ಕಲ್ಲುಸಮೇತ ಸುರಿದು, ದಮ್ಮಸ್ಸು ಮಾಡದೆ ಜೆಸಿಬಿ ಹೊರಡುತ್ತದೆ. ಮೊದಲ ಮಳೆಗೆ ಮಣ್ಣು ಕುಸಿದು ಜಾಯಿಂಟ್ ಬಾಯಿ ಬಿಡುತ್ತದೆ. ಕೆರೆಯಂಗಳದ ಬಡಾವಣೆಗಳ ಪಾಡು ಬೇರೆ: ಅಲ್ಲಿನ ಗೋಡು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ, ಪೈಪು ಅದರ ಜೊತೆಗೇ ಅಲುಗುತ್ತದೆ. ಅಂಗಳದಲ್ಲಿ ಸೈಟು ಹಂಚಿದವರು ಮಣ್ಣಿಗೆ ಬೈಯುತ್ತಾರೆ.

ಇನ್ನು ರಿಪೇರಿ. ಒಡೆದಲ್ಲಿ ಸಿಮೆಂಟ್ ಮೆತ್ತಿದರೆ ಮುಗಿಯಿತು. ಸೋರಿದ್ದು ಕೊಳೆತ ಕಲ್ಲಿನ ಸಂದಿಗಳಲ್ಲಿ ಇಳಿದು ಪಕ್ಕದ ಬೋರ್‌ವೆಲ್ ಸೇರಿದರೆ ಕೇಳುವವರಿಲ್ಲ. ಆ ನೀರಿನ ಫ್ಲೋರೈಡ್ ಸಾಲದೇ, ಅದಕ್ಕೊಂದು ಒಗ್ಗರಣೆ! ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದೆಂಬ ಕಾನೂನು 2013ರಿಂದ ಇದೆ. ತಪ್ಪು ಲೆವೆಲ್ಲಿನ ಪೈಪು ಪದೇ ಪದೇ ಕಟ್ಟಿಕೊಂಡಾಗ ಆ ಕಾನೂನು ಯಾರಿಗೆ ನೆನಪಿರುತ್ತದೆ?

ಅಗೆಯುವ ಮೊದಲು ಬೀದಿಬೀದಿಯಲ್ಲಿ ಗುಂಡಿ ತೋಡಿ ಕಲ್ಲಿನ ಆಳ ಬರೆದುಕೊಳ್ಳಲಿ. ಮಣ್ಣು ಮುಚ್ಚುವ ಮುನ್ನ ವಾರ್ಡಿನವರೆದುರು ಲೆವೆಲ್ ಹಿಡಿದು ತೋರಿಸಲಿ. ಅಲ್ಲಿಯವರೆಗೆ ಒಳಚರಂಡಿ ಶುಲ್ಕವೆಂದು ಯಾರೂ ನಮ್ಮ ಬಾಗಿಲು ತಟ್ಟಬಾರದು.